ಗ್ರಾಂ ಲೆಕ್ಕದ ಸಾಕ್ಷಿ

ಕೊಯಮತ್ತೂರಿನಿಂದ ತಿರುಚ್ಚಿ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಸಿಗುವ ಸೂಲೂರು ತಕ್ಕಡಿಯನ್ನು ನಂಬಿ ಬದುಕುವ ಸೀಮೆ. ಸುತ್ತ ನೂಲಿನ ಗಿರಣಿಗಳು, ಸೋಮನೂರಿನ ಕಡೆ ವಿದ್ಯುತ್ ಮಗ್ಗಗಳು, ಪಲ್ಲಡದ ಕಡೆ ಕೋಳಿ ಸಾಕಣೆ. ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳೂ ಈ ಭಾಗದಲ್ಲಿವೆ. ನೂಲು ತೂಕದಲ್ಲಿ ಕಡಿಮೆ ಬಂದರೆ ಇಲ್ಲಿ ಯಾರೂ ಸುಮ್ಮನಿರುವುದಿಲ್ಲ. ಅದೇ ನಿಷ್ಠುರತೆ ಶವಾಗಾರದ ತಕ್ಕಡಿಗೂ ಸಲ್ಲಬೇಕು.

ಹೆದ್ದಾರಿಯ ಅಪಘಾತ, ಕಾಲುವೆಯಲ್ಲಿ ಮುಳುಗಿದ ಸಾವು, ಕೀಟನಾಶಕ ಕುಡಿದದ್ದು, ಯಾವುದೇ ಇರಲಿ, ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ತನಿಖೆ ನಡೆಸಿ ದೇಹವನ್ನು ವೈದ್ಯರಿಗೆ ಒಪ್ಪಿಸುತ್ತಾರೆ. 2024ರ ಜುಲೈಗೆ ಮುಂಚೆ ಇದೇ ಸಿಆರ್‌ಪಿಸಿ 174 ಆಗಿತ್ತು. ಜಿಲ್ಲೆಯಲ್ಲಿ ಶವಪರೀಕ್ಷೆಯ ವಿದ್ಯೆಗೆ ದೊಡ್ಡ ನೆಲೆಯೆಂದರೆ 1966ರಲ್ಲಿ ಶುರುವಾದ ಕೊಯಮತ್ತೂರು ಸರ್ಕಾರಿ ವೈದ್ಯಕೀಯ ಕಾಲೇಜು. ತಮಿಳುನಾಡಿಗೆ ಶವಪರೀಕ್ಷೆ ಹೊಸದಲ್ಲ. ಭಾರತದಲ್ಲಿ ದಾಖಲಾಗಿರುವ ಮೊದಲ ನ್ಯಾಯವೈದ್ಯಕೀಯ ಶವಪರೀಕ್ಷೆ ನಡೆದದ್ದು 1693ರಲ್ಲಿ, ಮದ್ರಾಸಿನಲ್ಲಿ. ಪಾಷಾಣ ಹೊಟ್ಟೆಗೆ ಹೋಗಿ ಸತ್ತನೆಂದು ಅನುಮಾನವಿದ್ದ ಜೇಮ್ಸ್ ವ್ಹೀಲರ್ ಎಂಬವನ ದೇಹವನ್ನು ವೈದ್ಯ ಎಡ್ವರ್ಡ್ ಬಲ್ಕ್ಲಿ ಪರೀಕ್ಷಿಸಿದ.

ಶವಪರೀಕ್ಷೆಯಲ್ಲಿ ಮುಖ್ಯ ಅವಯವಗಳನ್ನು ಒಂದೊಂದಾಗಿ ತೂಗಿ ಬರೆಯಬೇಕು. ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ, ಲಿವರ್ ಸುಮಾರು 1,500, ಒಂದೊಂದು ಕಿಡ್ನಿ ಸುಮಾರು 150, ಹೃದಯ 250ರಿಂದ 300 ಗ್ರಾಂ ತೂಗುತ್ತವೆ. ಲಾರಿ ಓಡಿಸುತ್ತಿದ್ದವನೊಬ್ಬ ಮರಕ್ಕೆ ಗುದ್ದಿ ಸತ್ತ ಎಂದುಕೊಳ್ಳಿ. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿಲ್ಲ, ಹೃದಯ ಮಾತ್ರ 500 ಗ್ರಾಂ ದಾಟಿದೆ. ರಕ್ತದೊತ್ತಡ ಬಹುಕಾಲ ಕಾಡಿ ಹೃದಯದ ಗೋಡೆ ದಪ್ಪವಾಗಿದ್ದಿರಬಹುದು, ಗುದ್ದುವ ಮೊದಲೇ ಹೃದಯ ನಿಂತಿರಬಹುದು. ಅಪಘಾತವೋ ಕಾಯಿಲೆಯೋ ಎಂಬುದರ ಮೇಲೆ ಅವನ ಹೆಂಡತಿ ಮಕ್ಕಳಿಗೆ ಬರಬೇಕಾದ ವಿಮೆಯ ಹಣ ನಿಂತಿರುತ್ತದೆ. ಅಲ್ಲಿ ಆ ಒಂದು ಅಂಕಿಗೆ ಎಷ್ಟು ಬೆಲೆ!

ಮುಳುಗಿದವರ ಶ್ವಾಸಕೋಶ ನೀರು ಕುಡಿದು ಭಾರವಾಗುತ್ತದೆ. ಆದರೆ ಹೃದಯ ಸೋತಾಗಲೂ, ಕೀಟನಾಶಕ ಹೊಟ್ಟೆಗೆ ಹೋದಾಗಲೂ ಅದು ಹಾಗೇ ಆಗಬಹುದು. ಆದ್ದರಿಂದಲೇ ಜಪಾನಿನ ವೈದ್ಯರು ಶ್ವಾಸಕೋಶ ಮತ್ತು ಎದೆಗೂಡಿನ ದ್ರವದ ತೂಕವನ್ನು ಗುಲ್ಮದ ತೂಕದಿಂದ ಭಾಗಿಸಿ ನೋಡುವ ಲೆಕ್ಕವೊಂದನ್ನು ಮುಂದಿಟ್ಟರು. ಈ ತೂಕಗಳಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಟ್ಟಿತು. ನವಜಾತ ಶಿಶುವಿನ ವಿಷಯ ಇನ್ನೂ ಸೂಕ್ಷ್ಮ. ಉಸಿರಾಡದ ಮಗುವಿನ ಎರಡೂ ಶ್ವಾಸಕೋಶ ಸೇರಿ 30-40 ಗ್ರಾಂ, ಉಸಿರಾಡಿದ ಮೇಲೆ 60-70 ಗ್ರಾಂ ಎಂದು ಹಳೆಯ ಪಠ್ಯಗಳು ಬರೆದವು. ಇದೊಂದನ್ನೇ ನೆಚ್ಚಿ ತಾಯಿಯ ಮೇಲೆ ಕೊಲೆಯ ಆರೋಪ ಹೊರಿಸುವಂತಿಲ್ಲವೆಂದು ಈಗಿನ ವಿಜ್ಞಾನ ಹೇಳುತ್ತದೆ.

ತೂಗುವುದಕ್ಕೂ ಶಿಸ್ತು ಬೇಕು. ತಟ್ಟೆಯಿಟ್ಟು ಮೊದಲು ಸೊನ್ನೆಗೆ ತರಬೇಕು. ಹೃದಯವನ್ನು ಬಿಡಿಸಿ, ಒಳಗಿನ ಹೆಪ್ಪುರಕ್ತ ತೊಳೆದು, ದೊಡ್ಡ ರಕ್ತನಾಳಗಳನ್ನು ಕತ್ತರಿಸಿದ ಮೇಲೆ ತೂಗಬೇಕು. ಶ್ವಾಸಕೋಶದ್ದು ಇದಕ್ಕೆ ತಿರುವುಮುರುವು: ಕೊಯ್ದರೆ ನೀರು ಸೋರಿಹೋಗುವುದರಿಂದ ಕೊಯ್ಯುವ ಮೊದಲೇ ತೂಗಬೇಕು. ಕಿಡ್ನಿಯ ಸುತ್ತಲಿನ ಕೊಬ್ಬು ತೆಗೆಯಬೇಕು. ಮಿದುಳನ್ನು ಫಾರ್ಮಲಿನ್‌ಗೆ ಹಾಕುವ ಮುಂಚೆ ತೂಗಬೇಕು. ದೇಹ ಕೊಳೆಯತೊಡಗಿದ್ದರೆ ತೂಕಗಳು ದಿಕ್ಕು ತಪ್ಪಿಸುತ್ತವೆ, ಅದನ್ನು ವರದಿಯಲ್ಲಿ ಬರೆಯಬೇಕು. ತಕ್ಕಡಿಯನ್ನು ಆಗಾಗ ಪ್ರಮಾಣಿತ ಬಟ್ಟಿನಿಂದ ಪರೀಕ್ಷಿಸಬೇಕು.

ಕಣ್ಣಂದಾಜಿನಲ್ಲಿ ಬರೆದ ಅಂಕಿ ಬರೆಯದಿರುವುದಕ್ಕಿಂತ ಕೆಟ್ಟದ್ದು. ಬಣ್ಣ, ಗಾತ್ರ, ಮೆತ್ತಗಿತ್ತು, ಗಟ್ಟಿಯಿತ್ತು ಎಂಬುವೆಲ್ಲ ವೈದ್ಯರ ಅಭಿಪ್ರಾಯ. ತೂಕ ಹಾಗಲ್ಲ. ದೇಹ ಬೂದಿಯಾದ ಮೇಲೆ, ಹತ್ತು ವರ್ಷ ಬಿಟ್ಟು ಕೋರ್ಟಿನಲ್ಲಿ ಇನ್ನೊಬ್ಬ ವೈದ್ಯರು ಹೊಸದಾಗಿ ಯೋಚಿಸಲು ಉಳಿಯುವ ಕೆಲವೇ ಆಧಾರಗಳಲ್ಲಿ ಅದೊಂದು. ಜೊತೆಗೆ, ಭಾರತೀಯರ ಅವಯವಗಳು ಪಾಶ್ಚಾತ್ಯರ ಕೋಷ್ಟಕಗಳಿಗಿಂತ ಸಾಮಾನ್ಯವಾಗಿ ಹಗುರ. ನಮ್ಮ ಜನರದೇ ಕೋಷ್ಟಕ ಬೆಳೆಯಬೇಕಾದರೆ ತಾಲ್ಲೂಕು ಆಸ್ಪತ್ರೆಗಳ ವರದಿಗಳಲ್ಲೂ ದೇಹದ ತೂಕ, ಎತ್ತರದ ಪಕ್ಕದಲ್ಲಿ ನಿಜವಾದ ಗ್ರಾಂಗಳು ಕೂರಬೇಕು.

ನಿಮ್ಮ ಮನೆಯಲ್ಲಿ ಇಂಥ ಸಾವು ಸಂಭವಿಸಿದ್ದರೆ ಮರಣೋತ್ತರ ವರದಿಯ ಪ್ರತಿ ಕೇಳಿ ಪಡೆಯಿರಿ. ಹೃದಯ, ಶ್ವಾಸಕೋಶ, ಲಿವರ್ ಎದುರು ಅಂಕಿಯಿದೆಯೇ ನೋಡಿ. ‘ಸಾಮಾನ್ಯ’ ಎಂದಷ್ಟೇ ಇದ್ದರೆ, ಎಷ್ಟು ಗ್ರಾಂ ಎಂದು ಕೇಳಿ.