ಪಕ್ಕದಲ್ಲಿ ಕೂತವರು

ದಸರೆ ಮುಗಿಯುತ್ತಲೇ ಪುಣೆ-ಸೊಲ್ಲಾಪುರ ರಸ್ತೆಯ ಇಂದಾಪುರದ ಕಡೆ ಟ್ರ್ಯಾಕ್ಟರುಗಳು ಬರತೊಡಗುತ್ತವೆ. ಮೇಲೆ ಪಾತ್ರೆ-ಪಡಗ, ಹಾಸಿಗೆ, ಮಕ್ಕಳು. ಬೀಡ್ ಕಡೆಯಿಂದ ಕಬ್ಬು ಕಡಿಯಲು ಬಂದವರು. ಗಂಡ-ಹೆಂಡತಿ ಸೇರಿ ಒಂದು ‘ಕೋಯ್ತಾ’. ಕೂಲಿಗಳನ್ನು ಕರೆತರುವ ಮುಕಾದಮನ ಲೆಕ್ಕದಲ್ಲಿ ಮನುಷ್ಯರಿಗೂ ಮಚ್ಚಿನದೇ ಹೆಸರು. ನಮ್ಮ ಬೆಳಗಾವಿ, ಬಾಗಲಕೋಟೆಗೂ ಇವರೇ ಬರುತ್ತಾರೆ.

ಮಹಾರಾಷ್ಟ್ರದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ಮೂಲ್ಯವರ್ಧನ’ ಎಂಬ ಮೌಲ್ಯಶಿಕ್ಷಣ ಕಾರ್ಯಕ್ರಮ ಶುರುವಾದದ್ದೂ ಇದೇ ಬೀಡ್‌ನಲ್ಲಿ, 2009ರಲ್ಲಿ, 500 ಶಾಲೆಗಳಿಂದ. ಬೇರು ಇನ್ನೂ ಹಿಂದಿನದು. 1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ಕಳಿಸಿ ಮಲಗಿದ್ದ ಲಾತೂರಿನ ಕಿಲ್ಲಾರಿ ಸುತ್ತಿನ ಊರುಗಳು ಭೂಕಂಪಕ್ಕೆ ಮಣ್ಣಾದವು. ಬೀದರ್, ಕಲಬುರಗಿಯಲ್ಲೂ ನೆಲ ನಡುಗಿತು. ಮುಂದೆ ಮೂಲ್ಯವರ್ಧನ ತಂದ ಪುಣೆಯ ಶಾಂತಿಲಾಲ್ ಮುಥ್ಥಾ ಅವರ ಭಾರತೀಯ ಜೈನ ಸಂಘಟನೆ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಓದಿಸಿತು. ಮನೆಮಂದಿಯನ್ನು ಕಳೆದುಕೊಂಡ ಮಗುವಿಗೆ ಸುಭಾಷಿತ ಬರೆಸಿ ಏನು ಮಾಡುವುದು? ಅದಕ್ಕೆ ಮೊದಲು ಬೇಕಾದದ್ದು ಜೊತೆಗಾರರು.

ನಮ್ಮ ಶಾಲೆಯಲ್ಲಿ ನೀತಿಪಾಠದ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗುತ್ತಿದ್ದರು. ನಷ್ಟವೇನೂ ಆದಂತಿಲ್ಲ. 1920ರ ದಶಕದಲ್ಲೇ ಅಮೆರಿಕದ ಸಂಶೋಧಕರಾದ ಹಾರ್ಟ್‌ಶೋರ್ನ್ ಮತ್ತು ಮೇ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದ್ದರು. ಉತ್ತರಪತ್ರಿಕೆಯ ನಕಲನ್ನು ಗುಟ್ಟಾಗಿ ತೆಗೆದಿಟ್ಟು, ಮೂಲವನ್ನು ಮಕ್ಕಳ ಕೈಗೇ ಕೊಟ್ಟು ‘ನೀವೇ ತಿದ್ದಿಕೊಳ್ಳಿ’ ಎಂದರು. ತರಗತಿಯಲ್ಲಿ ಸಾಚಾ ಆಗಿದ್ದವನು ಆಟದಲ್ಲಿ ಮೋಸ ಮಾಡಿದ. ಮಕ್ಕಳಲ್ಲಿ ಪ್ರಾಮಾಣಿಕರು, ಕಳ್ಳರು ಎಂಬ ಎರಡು ಜಾತಿ ಸಿಗಲಿಲ್ಲ. ಸಂದರ್ಭ ಬದಲಾದಂತೆ ನಡತೆಯೂ ಬದಲಾಗಿತ್ತು. ನೀತಿಬೋಧೆ ಕೇಳಿದವರು, ಕೇಳದವರು ಎಂಬ ಅಂತರವೂ ಹೆಚ್ಚು ಕಾಣಲಿಲ್ಲ.

ಮೂಲ್ಯವರ್ಧನದಲ್ಲಿ ಭಾಷಣಕ್ಕೆ ಜಾಗ ಕಡಿಮೆ. ಬುನಾದಿ ಸಂವಿಧಾನದ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವ. ಕೆಲಸ ಮಾತ್ರ ಬಹಳ ಸಣ್ಣದು. ಇಬ್ಬರು ಮಕ್ಕಳು ಎದುರುಬದುರು ತಿರುಗಿ ಕೂರುವುದು, ಒಬ್ಬರು ಹೇಳಿ ಮುಗಿಸುವ ತನಕ ಇನ್ನೊಬ್ಬರು ಕೇಳುವುದು, ಆಮೇಲೆ ಗುಂಪಿನಲ್ಲಿ ಮಾತು. ಏಳು ವರ್ಷದ ಪೋರನಿಗೆ ಬಾಯಿ ಮುಚ್ಚಿ ಕೇಳುವುದು ಎಂಥ ತಪಸ್ಸೆಂದು ಮನೆಯಲ್ಲಿ ಮಕ್ಕಳಿದ್ದವರಿಗೆ ಗೊತ್ತು!

ಆದರೆ ಬೀಡ್‌ನಲ್ಲಿ ಹೀಗೆ ಕಲಿಯುತ್ತಿದ್ದ ಹುಡುಗಿ ಕಾರ್ತೀಕದ ಹೊತ್ತಿಗೆ ಇಂದಾಪುರದ ಕಬ್ಬಿನ ಗದ್ದೆಯ ಬದಿ ಗುಡಿಸಲಲ್ಲಿ ತಮ್ಮನನ್ನು ಎತ್ತಿಕೊಂಡಿರಬಹುದು. ಕೆಲವರಿಗೆ ಸಕ್ಕರೆ ಕಾರ್ಖಾನೆಯ ‘ಸಾಖರ್ ಶಾಳಾ’ (ಸಕ್ಕರೆ ಶಾಲೆ) ಸಿಗುತ್ತದೆ, ಕೆಲವರು ಹತ್ತಿರದ ಜಿಲ್ಲಾ ಪರಿಷತ್ ಶಾಲೆಯ ಕೊನೆಯ ಸಾಲಿಗೆ ಬರುತ್ತಾರೆ. ಅಲ್ಲಿ ಗುರೂಜಿ ‘ಜೋಡ್ಯಾ ಕರಾ’ (ಜೋಡಿ ಮಾಡಿಕೊಳ್ಳಿ) ಅಂದಾಗ ಅವಳ ಕಡೆ ಯಾರು ತಿರುಗುತ್ತಾರೆ? ಇಂಥ ಪಾಠದ ಫಲ ಅಳೆಯಲು ನನ್ನನ್ನು ಕಳಿಸಿದರೆ, ಪ್ರಶ್ನಾವಳಿ ಚೀಲದಲ್ಲೇ ಇಟ್ಟು ಆ ಗಳಿಗೆಯನ್ನು ನೋಡುತ್ತ ನಿಲ್ಲುತ್ತೇನೆ.