ರಾಜೀನಾಮೆ ಬರೆಯುವ ಮುನ್ನ

ಮೀಟಿಂಗ್ ರೂಮಿಗೆ ಕರೆದು ಎಚ್‌ಆರ್‌ನವರು ಹೇಳ್ತಾರೆ: "ನೀವೇ ರಾಜೀನಾಮೆ ಕೊಟ್ಟುಬಿಡಿ, ರೆಕಾರ್ಡ್‌ಗೂ ಒಳ್ಳೆಯದು." ದಯವಿಟ್ಟು ಅಲ್ಲೇ ಸಹಿ ಹಾಕಬೇಡಿ. ತಾವಾಗಿ ಬಿಟ್ಟವರಿಗೆ ಉದ್ಯೋಗ ಕಡಿತದ ಪರಿಹಾರ ಇಲ್ಲ. "ಯೋಚಿಸಿ ಹೇಳ್ತೀನಿ, ಇದನ್ನೇ ಇಮೇಲ್ ಮಾಡಿ" ಅನ್ನಿ.

ಕಂಪನಿಯೇ ತೆಗೆದರೆ? ವರ್ಷವಿಡೀ ಸತತ ದುಡಿದ ಕಾರ್ಮಿಕರಿಗೆ ಒಂದು ತಿಂಗಳ ನೋಟಿಸ್, ಇಲ್ಲವೇ ಆ ತಿಂಗಳ ಸಂಬಳ. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ಹಕ್ಕು, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ.

"ನಾನು ಇಂಜಿನಿಯರ್, ಕಾರ್ಮಿಕ ಹೇಗಾಗ್ತೀನಿ?" ಅಂತೀರಾ? ಕಾನೂನು ನೋಡೋದು ವಿಸಿಟಿಂಗ್ ಕಾರ್ಡ್ ಅಲ್ಲ, ನೀವು ದಿನವೂ ಮಾಡುವ ಕೆಲಸ. ನಿಜವಾಗಿಯೂ ಮ್ಯಾನೇಜರ್ ಕೆಲಸ ಮಾಡುವವರು ಇದರಿಂದ ಹೊರಗೆ. ಅವರು ನೇಮಕಾತಿ ಪತ್ರದ ಷರತ್ತುಗಳನ್ನು ಓದಬೇಕು.

ಗ್ರಾಚ್ಯುಟಿ ಬೇರೆಯೇ. ಐದು ವರ್ಷ ತುಂಬಿದ್ದರೆ, ರಾಜೀನಾಮೆ ಕೊಟ್ಟರೂ ಅದು ನಿಮ್ಮ ದುಡ್ಡು. ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 26,000, ಸೇವೆ ಆರು ವರ್ಷ ಅಂದರೆ ಕನಿಷ್ಠ 90,000 ರೂಪಾಯಿ. 30 ದಿನದೊಳಗೆ ಕೊಡಬೇಕು.

ಕೊಡಲಿಲ್ಲವೇ? ಕಾರ್ಮಿಕ ಇಲಾಖೆಗೆ ದೂರು ಕೊಡಿ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಪೇ ಸ್ಲಿಪ್, ನೇಮಕಾತಿ ಪತ್ರಗಳನ್ನು ಆಫೀಸ್ ಲಾಗಿನ್ ಬಂದ್ ಆಗುವ ಮುಂಚೆಯೇ ಇಳಿಸಿಕೊಳ್ಳಿ.