ಹುಣ್ಣಿಮೆಯ ಇಮೋಜಿಯಲ್ಲಿ ಕಡುಬು

2025ರ ಅಕ್ಟೋಬರ್ 6ರ ಸಂಜೆ ಮಹಾಲಕ್ಷ್ಮಿ ಲೇಔಟ್‌ನ ಗೆಳೆಯನ ಮನೆಯಲ್ಲಿದ್ದೆ. ಅವನ ಮಗಳು ಬಂಧುಗಳಿಗೆಲ್ಲ ಶೀಗಿ ಹುಣ್ಣಿಮೆಯ ಶುಭಾಶಯ ಕಳಿಸುತ್ತ ಕೊನೆಗೊಂದು ಇಮೋಜಿ ಅಂಟಿಸುತ್ತಿದ್ದಳು: ತುಂಬು ಚಂದ್ರ, ಬಾಗಿದ ತೆನೆ, ಬಿಳಿ ಉಂಡೆಗಳ ರಾಶಿ. ತೀರ್ಥಹಳ್ಳಿ ಕಡೆಯ ಅಜ್ಜಿ ಕನ್ನಡಕ ಏರಿಸಿ ನೋಡಿದರು. “ತೆನೆ, ಕಡುಬು ಎಲ್ಲ ಸರಿ ಇದೆ. ಬುಟ್ಟಿ ಬಿಡಿಸೋದು ಮರೆತಿದಾರೆ ಕಣೆ.”

ಅದು ಜಪಾನಿನ ತ್ಸುಕಿಮಿ, ಅಂದರೆ ಶರತ್ಕಾಲದ ಚಂದ್ರದರ್ಶನ. ಅಲ್ಲಿನ ಮೊಬೈಲ್ ಕಂಪನಿಗಳ ಚಿತ್ರಗಳು 2010ರಲ್ಲಿ ಯೂನಿಕೋಡ್ 6.0 ಸೇರಿದಾಗ ಇದೂ ಸೇರಿತು. ಉಂಡೆಗಳು ಅಕ್ಕಿಹಿಟ್ಟಿನ ದಾಂಗೊ. ಹದಿನೈದನೇ ರಾತ್ರಿಯೆಂದು 15 ಪೇರಿಸುವುದು ರೂಢಿ. ಫೋನಿನ ಚಿತ್ರದಲ್ಲಿ ಅಷ್ಟಿಲ್ಲ. ದೊಡ್ಡದು ಮಾಡಿ ಎಣಿಸಿಯೇ ಬಿಟ್ಟೆ.

ನನ್ನ ತಲೆ ತಿಂದದ್ದು ಆ ತೆನೆ. ಅದು ಭತ್ತವಲ್ಲ, ಸುಸುಕಿ ಎಂಬ ಹುಲ್ಲು. ಭತ್ತ ಇನ್ನೂ ಕೊಯ್ಲಿಗೆ ಬಾರದ ಕಾಲ, ಅದಕ್ಕೇ ತೆನೆಯನ್ನು ಹೋಲುವ ಹುಲ್ಲನ್ನು ಇಡುತ್ತಾರೆ ಎಂಬುದು ಜಪಾನೀಯರು ಕೊಡುವ ಒಂದು ವಿವರಣೆ. ಅಜ್ಜಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಬಸುರಿ ಗದ್ದೆಗೆ ಯಾರಾದರೂ ಕತ್ತಿ ಹಾಕ್ತಾರಾ?”

ಮಲೆನಾಡಿಗೆ ಶೀಗಿ ಹುಣ್ಣಿಮೆಯೇ ಭೂಮಿ ಹುಣ್ಣಿಮೆ, ಭೂಮಿತಾಯಿಯ ಸೀಮಂತ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಕಡುಬು, ಬಗೆಬಗೆಯ ಸೊಪ್ಪಿನ ಹಚ್ಚಂಬಲಿ ಹೊತ್ತು ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ. ಬಯಕೆಯೂಟವನ್ನು ಪೈರಿಗೆ ಬೀರುತ್ತಾರೆ. ಹುಣ್ಣಿಮೆ ಎಂದರೂ ಅಲ್ಲಿ ಎಲ್ಲರ ಕಣ್ಣು ನೆಲದ ಮೇಲೆ. ಜಪಾನಿನ ತ್ಸುಕಿಮಿಯೂ ಬರೀ ಆಸ್ಥಾನ ಕವಿಗಳ ಹಬ್ಬವಲ್ಲ. ಹೊಸದಾಗಿ ಅಗೆದ ಕೆಸುವಿನ ಗೆಡ್ಡೆಯನ್ನು ಚಂದ್ರನಿಗಿಡುವ ಪದ್ಧತಿಯೂ ಇದೆ. ‘ಚಂದ್ರದರ್ಶನ’ ಎಂದು ಹೆಸರಿಟ್ಟ ಯೂನಿಕೋಡಿನವರಿಗಿಂತ ಅಜ್ಜಿಯೇ ಚಿತ್ರವನ್ನು ಚೆನ್ನಾಗಿ ಓದಿದರು ಎನ್ನುವುದು ನನ್ನ ಪಕ್ಷಪಾತದ ತೀರ್ಪು. ಎಷ್ಟಾದರೂ ಜಪಾನಿ ಮಾತಿನಲ್ಲಿ ಇಮೋಜಿ ಎಂದರೆ ಚಿತ್ರದ ಅಕ್ಷರ. ಅಕ್ಷರವನ್ನು ಓದಲೇಬೇಕಲ್ಲ.

ಗದ್ದೆಯಿಲ್ಲದ ಮಹಾಲಕ್ಷ್ಮಿ ಲೇಔಟ್‌ನಲ್ಲಿ ಮರುದಿನ ಬೆಳಗಿನ ಜಾವ ಅಜ್ಜಿ ಕಡುಬಿನ ಚೂರನ್ನು ತಾರಸಿಯ ತುಳಸಿ ಕುಂಡಕ್ಕೆ ಹಾಕಿ ಬಂದರಂತೆ.

ಈ ಇಮೋಜಿ ಕಳಿಸುವವರಿಗೆ ಒಂದು ಎಚ್ಚರಿಕೆ. ತ್ಸುಕಿಮಿ ಸಾಮಾನ್ಯವಾಗಿ ಬೀಳುವುದು ನಮ್ಮ ಭಾದ್ರಪದ ಹುಣ್ಣಿಮೆಯ ಆಸುಪಾಸು. 2025ರಲ್ಲಿ ಅವರ ಹಳೆಯ ಪಂಚಾಂಗಕ್ಕೆ ಅಧಿಕ ಮಾಸ ಬಂದದ್ದರಿಂದ ತ್ಸುಕಿಮಿ, ಶೀಗಿ ಹುಣ್ಣಿಮೆ ಎರಡೂ ಕೂಡಿದವು. 2026ರಲ್ಲಿ ತ್ಸುಕಿಮಿ ಸೆಪ್ಟೆಂಬರ್ 25ಕ್ಕೇ ಮುಗಿಯುತ್ತದೆ. ಶೀಗಿ ಹುಣ್ಣಿಮೆ ಬರುವುದು ಅಕ್ಟೋಬರ್ ಕೊನೆಗೆ.